ಎಡಕ್ಕೆ ತಿರುವಿಲ್ಲದ ರಸ್ತೆ

ಮಹಿಳಾ ಕಾನ್‌ಸ್ಟೇಬಲ್ ಠಾಣೆಯ ಡ್ರಮ್ಮಿಗೆ ಕೊಡದಿಂದ ನೀರು ಬಗ್ಗಿಸುತ್ತಿದ್ದಾಗ ದರ್ಜಿಯ ಹೆಂಡತಿ ಏದುಸಿರು ಬಿಡುತ್ತ ಬಂದಳು.

"ಕಾರು ಅಂಗಡಿಯೊಳಗೇ ನುಗ್ಬಿಡ್ತು ಮೇಡಂ! ಹೊಲಿಗೆ ಮಿಷನ್ ಮೇಲೆ ಬಿದ್ದು ನಮ್ಮನೆಯವರ ಕಾಲು ಮುರಿದಿದೆ."

ಬೆಳಿಗ್ಗೆ ಹನ್ನೊಂದಕ್ಕೆ ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಸ್ಥಳ ಪಂಚನಾಮೆ ಬರೆಸಿದರು. ಅದು ನೇರವಾದ ರಸ್ತೆ, ಎಡಕ್ಕೆ ತಿರುವೇ ಇಲ್ಲ. ಆದರೂ ಚಕ್ರದ ಗುರುತು ಎಡಕ್ಕೆ ಹೊರಳಿ ಅಂಗಡಿಯ ಹೊಸ್ತಿಲು ದಾಟಿತ್ತು.

ಓಡಿಸಿದವಳು ಇನ್ನೂ ಕಲಿಯುತ್ತಿದ್ದ ಹೆಂಗಸು. ಲೈಸೆನ್ಸ್ ಸಿಕ್ಕರೆ ಆಸ್ಪತ್ರೆಯ ವ್ಯಾನು ಓಡಿಸುವ ಕೆಲಸ ಅವಳಿಗೆ ಕಾದಿತ್ತು.

"ಪಕ್ಕದಲ್ಲಿ ಯಾರಿದ್ರು?"

"ಯಾರೂ ಇಲ್ಲ."

"ಫೋನಲ್ಲಿ?"

"ಯಾರೂ ಇಲ್ಲ ಸರ್. ತಪ್ಪು ನಂದೇ."

ಎರಡು ವಾರದ ಮೇಲೆ ಫೋನ್ ಕಂಪನಿಯಿಂದ ವಿವರ ಬಂತು. ಅಪಘಾತದ ಹೊತ್ತಿನಲ್ಲಿ ಅವಳು ಅಣ್ಣನೊಂದಿಗೆ ಮಾತಿನಲ್ಲಿದ್ದಳು. ಅಣ್ಣ ಡ್ರೈವಿಂಗ್ ಸ್ಕೂಲ್ ನಡೆಸುವವನು.

"ಮನೆ ವಿಷಯ ಮಾತಾಡ್ತಿದ್ವಿ ಸರ್," ಎಂದ ಅವನು. "ಅವಳು ಕಾರಲ್ಲಿದ್ದಾಳೆ ಅಂತ ನನಗೇನು ಗೊತ್ತು? ಚಿಕ್ಕಂದಿನಿಂದ್ಲೂ ಅವಳು ಹೇಳಿದ ಮಾತು ಕೇಳೋಳಲ್ಲ."

ಇನ್‌ಸ್ಪೆಕ್ಟರ್ ಈ ಹೇಳಿಕೆಯನ್ನು ತಂಗಿಗೆ ಓದಿ ಹೇಳಿದರು.

"ಇನ್ನೊಂದ್ಸಲ ಓದಿ ಸರ್."

ಓದಿದರು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿದಳು.

"ಅಣ್ಣ ಅದಕ್ಕೂ ಒಂದು ವಾರದಿಂದ ಫೋನಲ್ಲೇ ಕಲಿಸ್ತಿದ್ದ. 'ಕೈ ಸ್ಟೇರಿಂಗ್ ಮೇಲಿರ್ಲಿ, ಕಿವಿಯಲ್ಲಿ ನಾನಿರ್ತೀನಿ' ಅಂತಿದ್ದ. ಅವತ್ತು 'ಎಡಕ್ಕೆ ತಿರುಗಿಸು, ಬೇಗ' ಅಂದ. ತಿರುಗಿಸಿದೆ."

"ಎಡಕ್ಕೆ ಅಂಗಡಿ ಇರೋದು ಕಾಣ್ಲಿಲ್ವೇನಮ್ಮ?"

"ಕಾಣ್ತಿತ್ತು ಸರ್. ಆದ್ರೆ ಮನಸ್ಸೆಲ್ಲ ಅಣ್ಣನ ಮಾತಲ್ಲಿತ್ತು."

ಆ ಹೊತ್ತಿಗೆ ಅಣ್ಣ ಎಲ್ಲಿದ್ದ? ಕಾನ್‌ಸ್ಟೇಬಲ್ ಸ್ಕೂಲಿನ ಶಿಷ್ಯರನ್ನೆಲ್ಲ ವಿಚಾರಿಸಿದಳು. ಕೊನೆಗೆ ಸಿಕ್ಕಿದವನು ಬೇಕರಿಯವನು.

"ನನಗೇ ಪಾಠ ನಡೀತಿತ್ತು ಮೇಡಂ. ಎದುರಿಗೆ ಬಸ್ಸು ಬಂತು. ಮೇಷ್ಟ್ರು 'ಎಡಕ್ಕೆ ತಿರುಗಿಸು, ಬೇಗ' ಅಂದ್ರು. ತಿರುಗಿಸಿ ಬಚಾವಾದೆ. ಮರುಗಳಿಗೆ ಅವರು ಕಿವಿಯಲ್ಲಿದ್ದ ಇಯರ್‌ಫೋನ್ ಕಿತ್ತು ಆಚೆ ಎಸೆದ್ರು. ನಾನು ಓಡಿಸಿದ್ದು ನೋಡೇ ಹೆದರಿದ್ರು ಅಂದ್ಕೊಂಡೆ!"

ಸಂಜೆ ಅಣ್ಣನ ಬಂಧನವಾಯಿತು.

"ಇಬ್ಬರಿಗೂ ಒಟ್ಟಿಗೇ ಕಲಿಸಬಲ್ಲೆ ಅನ್ಕೊಂಡೆ. ನನ್ನ ಕೈಯೆರಡೂ ಖಾಲಿ ಇತ್ತಲ್ಲ ಸರ್."

"ಸುಳ್ಳು ಯಾಕೆ ಹೇಳಿದೆ?"

"ಸ್ಕೂಲ್ ಮುಚ್ಚಿಸಿಬಿಡ್ತಾರೆ ಅಂತ ಭಯ ಆಯ್ತು. ತಂಗಿ ನನ್ನ ಬಿಟ್ಟುಕೊಡಲ್ಲ ಅಂತ ಗೊತ್ತಿತ್ತು."

ಗೋಡೆಯಾಚೆ ಬೆಂಚಿನ ಮೇಲಿದ್ದ ತಂಗಿಗೆ ಅದು ಕೇಳಿಸಿತು. ಅವಳ ಮೇಲಿನ ಕೇಸೂ ಹಾಗೇ ಉಳಿದಿತ್ತು. ವ್ಯಾನಿನ ಕೆಲಸ ಬೇರೆಯವರ ಪಾಲಾಗಿತ್ತು. ಅವಳು ಚೀಲದಿಂದ ಒಂದು ಲಕೋಟೆ ತೆಗೆದು ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್‌ಗೆ ತೋರಿಸಿದಳು.

"ದರ್ಜಿಯವರಿಗೆ ಕ್ಷಮೆ ಕೇಳಿ ಅವತ್ತೇ ಬರೆದಿದ್ದೆ ಮೇಡಂ. ಕೋರ್ಟಲ್ಲಿ ನಿನಗೇ ಮುಳುವಾಗುತ್ತೆ, ಕಳಿಸ್ಬೇಡ ಅಂದಿದ್ದ ಅಣ್ಣ."

"ಈಗ ಅಣ್ಣ ಹೇಳಿದ್ದಕ್ಕೆ ಹಾಗಾಯ್ತು ಅಂತ ಸೇರಿಸಿ ಬರೀಬಹುದಲ್ಲಮ್ಮ?"

"ಸ್ಟೇರಿಂಗ್ ಹಿಡಿದಿದ್ದು ನಾನು."

ಒಂದಕ್ಷರವನ್ನೂ ಬದಲಿಸದೆ ಲಕೋಟೆಗೆ ಗೋಂದು ಹಚ್ಚಿ, ಬೀದಿ ದಾಟಿ ಹೋಗಿ ಅಂಚೆ ಪೆಟ್ಟಿಗೆಗೆ ಹಾಕಿದಳು.