ಇಪ್ಪತ್ತನಾಲ್ಕನೇ ಓಣಿ

2025ರ ಮಾರ್ಚ್ 18, ಮಂಗಳವಾರ. ಮಧ್ಯಾಹ್ನ 2.40ಕ್ಕೆ ಶ್ರೀಮಂತ ಏದುಸಿರು ಬಿಡುತ್ತ ತಿಕೋಟಾ ಠಾಣೆಗೆ ಬಂದ. ಊರಿಗೆ ನೀರು ಬಿಡುವ ಗುತ್ತಿಗೆ ಕಂಪನಿಯ ಸೂಪರ್‌ವೈಸರ್ ಅವನು.

"ಪಂಪ್‌ಹೌಸಿನ ಕಂಪ್ಯೂಟರ್ ಒಡದು ಪುಡಿ ಮಾಡ್ಯಾರ್ರಿ ಸಾಹೇಬ್ರ. ನಾಳೆ ಊರಿಗೆ ನೀರಿಲ್ಲ."

"ಯಾರ ಮ್ಯಾಲರ ಸಂಶಯ?" ಸಬ್‌ಇನ್‌ಸ್ಪೆಕ್ಟರ್ ಸಂಗನಬಸವ ಕೇಳಿದ.

"ಇಲ್ರಿ. ಎಲ್ಲಾ ಓಣಿಗೂ ಬರೋಬ್ಬರಿ ನೀರು ಬಿಡ್ತೀವಿ. ನಮ್ಮ ಮ್ಯಾಲ ಯಾರಿಗೆ ಏನ್ ಸಿಟ್ಟು?"

ಎಫ್‌ಐಆರ್ ದಾಖಲಾಯಿತು. 3.30ಕ್ಕೆ ಸ್ಥಳ ಪಂಚನಾಮೆ. ಆಪರೇಟರ್ ಬಾಗಿಲು ಎಳೆದುಕೊಂಡು ಊಟಕ್ಕೆ ಹೋಗಿದ್ದ, ಬೀಗ ಹಾಕಿರಲಿಲ್ಲ. ಮಾನಿಟರ್ ಒಡೆದಿತ್ತು, ಪೆಟ್ಟಿಗೆ ಜಜ್ಜಿಹೋಗಿತ್ತು. ಬಾಗಿಲ ಚಿಲಕಕ್ಕೆ ಬಿಳಿ ಹತ್ತಿಯ ಎಳೆಗಳು ಅಂಟಿದ್ದವು. ಕಾನ್‌ಸ್ಟೇಬಲ್ ಗೀತಾಂಜಲಿ ಅವನ್ನು ಲಕೋಟೆಗೆ ಹಾಕಿ ಮೊಹರು ಮಾಡಿದಳು. ಅವಳು ಕಂಪ್ಯೂಟರ್ ಡಿಪ್ಲೊಮಾ ಓದಿದವಳು. ಆ ವಿದ್ಯೆಗೆ ಠಾಣೆಯಲ್ಲಿ ಅಲ್ಲಿಯವರೆಗೆ ಸಿಕ್ಕ ಕೆಲಸವೆಂದರೆ ಪ್ರಿಂಟರಿಗೆ ಹಾಳೆ ತುಂಬುವುದು.

ಹಾರ್ಡ್‌ಡಿಸ್ಕ್ ಮಾತ್ರ ಉಳಿದಿತ್ತು. ಮರುದಿನ ಬೆಳಿಗ್ಗೆ 10.15ಕ್ಕೆ ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ, ತೌಸೀಫ್ ಎಂಬವನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ, ಪಂಚರ ಎದುರು ಅದರ ನಕಲು ತೆಗೆಸಿದರು. ಒಳಗಿದ್ದದ್ದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್. ಹತ್ತು ಸಾಲಿನ ಒಂದು ಪುಟ್ಟ ಪ್ರೋಗ್ರಾಂ, ಶೆಲ್ ಸ್ಕ್ರಿಪ್ಟ್, ದಿನಾ ಬೆಳಗಿನ ಐದಕ್ಕೆ ಎದ್ದು, ಓಣಿಗಳ ಪಟ್ಟಿಯನ್ನು ಒಂದೊಂದೇ ಸಾಲಾಗಿ ಓದಿ, ಆಯಾ ಓಣಿಯ ವಾಲ್ವ್ ತೆರೆಯುತ್ತಿತ್ತು. ತೆರೆದದ್ದನ್ನು ಲಾಗ್ ಫೈಲಿನಲ್ಲಿ ಬರೆದು, ಕಡೆಗೆ 'ಕೆಲಸ ಪೂರ್ಣ' ಎನ್ನುತ್ತಿತ್ತು.

ಗೀತಾಂಜಲಿ ಎರಡು ಸಲ ಎಣಿಸಿದಳು.

"ಸರ್, ಪಟ್ಟಿಯಾಗ ಇಪ್ಪತ್ನಾಕು ಓಣಿ ಅದಾವು. ಲಾಗಿನಾಗ ದಿನಾ ಇಪ್ಪತ್ಮೂರ. ಹದಿನಾಕು ತಿಂಗಳಿಂದ."

"ಬಿಟ್ಟುಹೋದದ್ದು ಯಾವುದು?"

"ಕಡೀದು. ಪಿಂಜಾರ ಓಣಿ. ಆ ಹೆಸರು ಟೈಪ್ ಮಾಡಿದವರು ಸಾಲಿನ ಕೊನಿಗೆ ಎಂಟರ್ ಒತ್ತಿಲ್ರಿ. ಎಂಟರ್ ಇಲ್ಲಂದ್ರ ಈ ಸ್ಕ್ರಿಪ್ಟ್ ಆ ಸಾಲಿನ ಕೆಲಸಾ ಮಾಡೂದಿಲ್ಲ. ಹಂಗ ಹೊರಗ ಬೀಳ್ತದ."

"ಪಟ್ಟಿ ಟೈಪ್ ಮಾಡಿದವರು ಯಾರು?" ಸಂಗನಬಸವ ಫೋನಿನಲ್ಲಿ ಕೇಳಿದ.

"ನಾನ ರಿ," ಅಂದ ಶ್ರೀಮಂತ.

"ಲಾಗ್ ನೋಡ್ತಿದ್ದಿಲ್ಲೇನು?"

"ನೋಡ್ತಿದ್ದೆ ರಿ. ಕಡೀ ಸಾಲು. ಕೆಲಸ ಪೂರ್ಣ ಅಂತ ಇರ್ತಿತ್ತು."

ಥೂ, ಇಂಥವನ ಕೈಯಲ್ಲಿ ಊರಿನ ನೀರು! ಸಂಗನಬಸವನಿಗೆ ಫೋನ್ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಜೀಪು ಹತ್ತಿದ.

ಪಿಂಜಾರ ಓಣಿಯಲ್ಲಿ ಈಗ ಹತ್ತಿ ಹಿಂಜಿ ಗಾದಿ ಹೊಲಿಯುವವನು ಒಬ್ಬನೇ, ದಾದಾಸಾಬ, ಅರವತ್ತೆರಡು ವರ್ಷ. ಸಂಜೆ 4.10ಕ್ಕೆ ಜೀಪು ನಿಂತಾಗ ಅವನು ಎದ್ದು ನಿಂತ, ಓಡಲಿಲ್ಲ.

"ನೀನ ಒಡದೀ?"

"ಹೌದ್ರಿ." ಮೂಲೆಯಲ್ಲಿದ್ದ ಮರದ ಕೊಡತಿಯನ್ನು ತಾನೇ ತಂದುಕೊಟ್ಟ.

"ಯಾಕ?"

"ಕೈಲೆ ವಾಲ್ವ್ ತಿರುವುವಾಗ ನೀರು ಬರ್ತಿತ್ರಿ. ಕಂಪ್ಯೂಟರ್ ಬಂತು, ನೀರು ಬಂದ್ ಆತು. ಕಂಪನಿಗೆ ಹನ್ನೊಂದು ಅರ್ಜಿ ಕೊಟ್ಟೇನಿ. ಹನ್ನೊಂದಕ್ಕೂ ಒಂದ ಉತ್ತರ: ಕಂಪ್ಯೂಟರ್ ಪ್ರಕಾರ ನಿಮಗೆ ನೀರು ಬಿಡಲಾಗಿದೆ. ನನ್ನ ಹೇಣ್ತಿ ಮಾಬುಬಿ ಕೊಡಾ ಹೊತ್ಕೊಂಡು ಬಾವಿ ಪಾವಟಿಗಿ ಮ್ಯಾಲ ಬಿದ್ಲು. ಸೊಂಟ ಮುರೀತು. ಇಪ್ಪತ್ತೆರಡು ದಿನಕ್ಕ ಹ್ವಾದ್ಲು. ಮೊನ್ನೆ ಹನ್ನೊಂದನೇ ಉತ್ತರ ಬಂತು. ಅದರಾಗೂ ಅದ ಮಾತು. ಸುಳ್ಳು ಹೇಳೂದು ಕಂಪ್ಯೂಟರ್ ಅಂದ್ಕೊಂಡೆ, ಅದನ್ನ ಒಡದೆ."

ಕಂಪ್ಯೂಟರ್ ಸುಳ್ಳು ಹೇಳಿರಲಿಲ್ಲ. ಬಿಡದ ಓಣಿಗೆ ಬಿಟ್ಟೆನೆಂದು ಅದು ಒಂದು ದಿನವೂ ಬರೆದಿರಲಿಲ್ಲ.

4.35ಕ್ಕೆ ಬಂಧನವಾಯಿತು. ಠಾಣೆಯಲ್ಲಿ ಗೀತಾಂಜಲಿ ನೀರಿನ ಲೋಟ ಮುಂದಿಟ್ಟಳು. "ರೋಜಾ ಐತವ್ವಾ, ಉಪವಾಸ," ಎಂದು ಅವನು ಪಕ್ಕಕ್ಕೆ ಸರಿಸಿದ.

ಆ ಸಂಜೆ ಕಂಪನಿಯವರು ಬೇರೆ ಕಂಪ್ಯೂಟರ್ ಕೂರಿಸಿದರು. ಗೀತಾಂಜಲಿ ಎದುರಿಗೇ ನಿಂತು ಪಟ್ಟಿಯ ಕಡೆಯ ಸಾಲಿಗೆ ಎಂಟರ್ ಒತ್ತಿಸಿದಳು. ಮಾರ್ಚ್ 20, ಬೆಳಿಗ್ಗೆ 6.50ಕ್ಕೆ ಪಿಂಜಾರ ಓಣಿಗೆ ನೀರು ಬಂತು. ದಾದಾಸಾಬನ ಮನೆಯ ನಳವೂ ಸುರಿಯಿತು. ಕೊಡ ಹಿಡಿಯುವವರು ಅಲ್ಲಿ ಯಾರೂ ಇರಲಿಲ್ಲ.

ಕೋರ್ಟಿಗೆ ಹೊರಟ ಜೀಪಿನಲ್ಲಿ ಸಂಗನಬಸವ ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ. ದಾದಾಸಾಬ ಬೇಡಿ ಹಾಕಿದ ಕೈ ಎತ್ತಿ ಒಂದು ಬೆರಳು ತೋರಿಸಿದ.

"ಒಂದ ಗುಂಡಿ ಏನ್ರಿ?"

"ಹೂಂ."

"ಹನ್ನೊಂದು ಸಲ ಕಾಗದಾ ಬರದ್ರಲ್ರಿ, ಒಬ್ರರ ಬಂದು ನಮ್ಮ ನಳಾ ತಿರುವಿ ನೋಡಬಾರದಿತ್ತ?"

ಕೋರ್ಟಿಗೆ ಕೊಡುವ ಕಾಗದದಲ್ಲಿ ಆರೋಪಿ ದಾದಾಸಾಬ ಒಬ್ಬನೇ. ಜೀಪು ಅಥಣಿ ರಸ್ತೆ ಹಿಡಿದು ವಿಜಯಪುರದ ಕಡೆ ಸಾಗಿತು.