ಟಚಪ್ ಇಲ್ಲದ ಫೋಟೋ

"ಇದು ಯಾರ ಫೋಟೋರೀ?"

ವಿಶಾಖಾ ಕವರನ್ನು ಎಸೆದ ರಭಸಕ್ಕೆ ಸ್ಟೇಷನ್ ರಸ್ತೆಯ ಆ ಸ್ಟುಡಿಯೋದಲ್ಲಿ ಕಾದಿದ್ದವರೆಲ್ಲ ತಿರುಗಿ ನೋಡಿದರು.

"ನಿಮ್ದರೀ..." ಎಂದ ಸ್ಟುಡಿಯೋ ಮಾಲೀಕ ರಾಜರತ್ನ.

"ನಂದಲ್ಲ! ಇಲ್ಲಿರೋ ಕಲೆ ಎಲ್ಲಿ ಹೋತು?"

ಎಡಗಣ್ಣಿನ ಕೆಳಗಿನಿಂದ ತುಟಿಯಂಚಿನವರೆಗೆ ಇಳಿದ ಬಿಳಿ ಕಲೆ ಅದು. ಹೈಸ್ಕೂಲಿನಲ್ಲಿದ್ದಾಗ ಬಂದದ್ದು. ಓಣಿಯೆಲ್ಲ ತೊನ್ನು ಎಂದು ಪಿಸುಗುಟ್ಟಿತ್ತು. ಫೋಟೋದಲ್ಲಿ ಅದರ ಸುಳಿವೇ ಇರಲಿಲ್ಲ.

"ಕನ್ಯಾ ಫೋಟೋ ಅಂದ್ರ ಟಚಪ್ ಮಾಡೇ ಕೊಡ್ತೀವ್ರಿ. ಹಂಗ ಪದ್ಧತಿ. ಇಲ್ಲೀತನ ಯಾರೂ ಜಗಳಾ ತಗದಿಲ್ಲ."

"ಈಗ ನಾ ತಗ್ಯಾಕತ್ತೇನಿ! ಗಂಡಿನವರು ಇದನ್ನ ನೋಡಿ ಬಂದು, ಆಮ್ಯಾಲ ನನ್ನ ಮಾರಿ ನೋಡಿದ್ರ ಮೋಸ ಅನ್ನಂಗಿಲ್ಲೇನು?"

ರಾಜರತ್ನ ಕವರನ್ನು ಎತ್ತಿಕೊಂಡ. "ಬ್ಯಾರೆ ತಗೀತೀನಿ, ಒಳಗ ಬರ್ರಿ" ಎಂದ.

ಲೈಟು ಹತ್ತಿತು. "ಈ ಕಡೆ ನೋಡ್ರಿ" ಎಂದಾಗಲೆಲ್ಲ ಅವಳ ಮುಖ ತಾನಾಗಿಯೇ ಪಕ್ಕಕ್ಕೆ ಹೊರಳುತ್ತಿತ್ತು. ಜಗಳಕ್ಕೆ ಬಂದಾಗಿನ ಧೈರ್ಯ ಎಲ್ಲಿ ಹೋಯಿತೋ!

ರಾಜರತ್ನ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಪುಟ್ಟ ರಿಮೋಟೊಂದನ್ನು ಅವಳ ಕೈಗಿಟ್ಟ. "ನೀವ ತಕ್ಕೋರಿ. ನಾ ಹೊರಗಿರ್ತೀನಿ. ಯಾರೂ ನೋಡಂಗಿಲ್ಲ."

ಪರದೆ ಎಳೆದು ಹೋದ.

ಮೊದಲ ಫೋಟೋದಲ್ಲಿ ಕಣ್ಣು ಮುಚ್ಚಿತ್ತು. ಮುಂದಿನದರಲ್ಲಿ ಕೈ ಕೆನ್ನೆಯ ಮೇಲಿತ್ತು. ನೋಡಿ ಅವಳಿಗೆ ಅಳುವೇ ಬಂತು. 'ಓಣಿಯವರ ಕಣ್ಣಿನಿಂದಲೇ ಇಷ್ಟು ವರ್ಷ ನನ್ನನ್ನು ನೋಡಿಕೊಂಡೆನೇ?'

ಆಮೇಲೆ ಪ್ರತಿ ಶನಿವಾರ, ತಿಕೋಟಾದ ಶಾಲೆಯಲ್ಲಿ ಗಣಿತ ಪಾಠ ಮುಗಿಸಿ ಬಸ್ಸಿಳಿದವಳು ನೇರ ಸ್ಟುಡಿಯೋಕ್ಕೆ ಬರತೊಡಗಿದಳು. ಒಂದು ವಾರ ಕಣ್ಣು ತೆರೆದಳು. ಇನ್ನೊಂದು ವಾರ ಕೈ ಇಳಿಸಿದಳು. ಬೋರ್ಡಿನ ಕಡೆ ಮುಖ ಮಾಡಿಯೇ ಪಾಠ ಹೇಳುತ್ತಿದ್ದವಳು, ಈಗ ಮಕ್ಕಳ ಕಡೆ ತಿರುಗಿ ನಿಲ್ಲುತ್ತಿದ್ದಳು.

ರಾಜರತ್ನ ಚಹಾ ತರಿಸುತ್ತಿದ್ದ. ಏನೇ ಹೇಳಿದರೂ ತುಟಿ ಬಿಗಿಹಿಡಿದೇ ನಗುತ್ತಿದ್ದ. 'ಇವನು ಯಾಕೆ ಬಾಯ್ತುಂಬ ನಗುವುದಿಲ್ಲ?' ಎಂದು ಅವಳಿಗೆ ಕುತೂಹಲ.

ಕೊನೆಗೊಂದು ಶನಿವಾರ ಆ ಫೋಟೋ ಬಂತು. ನೆಟ್ಟಗಿನ ಕುತ್ತಿಗೆ, ಕಲೆಯ ಮೇಲೆ ತುಂಬು ಬೆಳಕು, ದಿಟ್ಟ ನೋಟ.

"ಇದು ನಾನು!" ಎಂದು ಚೀರಿಯೇಬಿಟ್ಟಳು. "ಇದನ್ನ ಬಬಲೇಶ್ವರದ ಗಂಡಿನವರ ನಂಬರಿಗೆ ಕಳಸ್ರಿ. ಅವ್ವ ಆಗಲೇ ಆ ಹಳೇ ಟಚಪ್ ಫೋಟೋ ಕಳಿಸ್ಯಾಳ. ನಾನ ಕಳಿಸಿದ್ರ ಹುಡುಗಿ ಭಾಳ ಜೋರದಾಳ ಅಂತಾರ. ಸ್ಟುಡಿಯೋದಿಂದ ಹೋಗ್ಲಿ. ಇದನ್ನ ನೋಡಿ ಒಪ್ಪಿದ್ರ ಬರ್ಲಿ."

"ಹೂಂ..." ಎಂದ ರಾಜರತ್ನ. ಅವನ ಮುಖ ಸಪ್ಪಗಾದದ್ದು ಅವಳ ಗಮನಕ್ಕೆ ಬರಲಿಲ್ಲ.

ಭಾನುವಾರ ಗಂಡಿನವರು ಬಂದರು. ಬಂದಿದ್ದಾರೆಂದರೆ ಒಪ್ಪಿದ್ದಾರೆ! ವಿಶಾಖಾ ತಲೆಯೆತ್ತಿಕೊಂಡೇ ಅವಲಕ್ಕಿ ತಟ್ಟೆ ತಂದಳು.

ಗಂಡಿನ ತಾಯಿ ಮೊಬೈಲನ್ನು ಅವಳ ಕೆನ್ನೆಯ ಪಕ್ಕ ಹಿಡಿದಳು. "ಫೋಟೋದಾಗ ಇದು ಇರಲಿಲ್ಲಲ್ಲ ಬೇ? ಹಿಂಗ ಮೋಸಾ ಮಾಡ್ತೀರಿ?"

"ಹೊಸ ಫೋಟೋ ಬಂದಿಲ್ಲೇನ್ರಿ?"

"ಯಾವ ಹೊಸಾದು?"

ಅವಲಕ್ಕಿ ಮುಟ್ಟದೆ ಎದ್ದು ಹೋದರು. ತಾಯಿ ಆಮ್ರಪಾಲಿ ಸೆರಗಿನಲ್ಲಿ ಮುಖ ಮುಚ್ಚಿ ಕುಳಿತಳು. ವಿಶಾಖಾ ಚಪ್ಪಲಿ ಮೆಟ್ಟಿ ನೇರ ಸ್ಟುಡಿಯೋಕ್ಕೆ ಹೊರಟೇಬಿಟ್ಟಳು.

"ಕಳಿಸಿದ್ರೋ ಇಲ್ಲೋ?"

ರಾಜರತ್ನ ತಲೆ ತಗ್ಗಿಸಿದ. "ಇಲ್ರಿ."

"ಯಾಕ?!"

"ಆ ಫೋಟೋ ನೋಡಿದ್ರ ಯಾವ ಗಂಡಸೂ ಒಲ್ಲೆ ಅನ್ನಂಗಿಲ್ಲ. ಅವ ಹೂಂ ಅಂದ್ಬಿಟ್ರ... ನನ್ನ ಗತಿ ಏನ್ರಿ? ಕಳಸಾಕ ಬೆರಳ ಏಳಲಿಲ್ಲ."

ತನಗೇ ತಿಳಿಯದಂತೆ ಅವಳು ಇದೇ ಮಾತಿಗಾಗಿ ಎಷ್ಟು ಶನಿವಾರ ಕಾದಿದ್ದಳು! ಆದರೆ ಅದರ ಬೆನ್ನಿಗೇ ಸಿಟ್ಟು ಉಕ್ಕಿತು.

"ಮೊದಲ ನನ್ನ ಕಲೆ ಅಳಿಸಿದ್ರಿ. ಈಗ ನನ್ನನ್ನ ಮುಚ್ಚಿಟ್ರಿ. ಏನ್ ಫರಕಾತು? ಮುಂಜಾನೆ ಅವರ ಮುಂದ ಕಳ್ಳಿ ಹಂಗ ನಿಂತಿದ್ದೆ ನಾನು... ಒಬ್ಬಾಕಿನ!"

"ತಪ್ಪಾತರೀ. ನೀವು ಏನ್ ಶಿಕ್ಷಾ ಕೊಟ್ರೂ..."

ವಿಶಾಖಾ ಕಣ್ಣೊರೆಸಿಕೊಂಡು ರಿಮೋಟನ್ನು ಅವನ ಅಂಗೈಗಿಟ್ಟಳು.

"ಈ ಸಲ ಗಂಡಿನ ಫೋಟೋ ಮೊದಲ ಬರ್ಲಿ. ನೀವ ತಕ್ಕೊಂಡು ನಮ್ಮವ್ವಗ ಕಳಸ್ರಿ. ಟಚಪ್ ಇಲ್ಲದ್ದು. ಬಾಯ್ತುಂಬ ನಕ್ಕೊಂತ!"

ಅವನ ಮುಖ ಬಿಳಿಚಿತು. ಹಳ್ಳಿಯ ಬೋರಿನ ಫ್ಲೋರೈಡ್ ನೀರು ಕುಡಿದು ಬೆಳೆದವನ ಹಲ್ಲುಗಳು ಕಂದಿದ್ದವು. ಕಾಲೇಜಿನಲ್ಲಿ ಗೆಳೆಯರು ಆಡಿಕೊಂಡ ದಿನ ಮುಚ್ಚಿದ ಬಾಯಿ ಅದು. ಊರವರ ಫೋಟೋವೆಲ್ಲ ತೆಗೆದವನು, ತನ್ನದೊಂದನ್ನೂ ತೆಗೆದುಕೊಂಡಿರಲಿಲ್ಲ.

ಅವಳೇ ಪರದೆ ಎಳೆದು ಹೊರಗೆ ಕುಳಿತಳು. ಒಳಗೆ ಸದ್ದೇ ಇಲ್ಲ. 'ಆಗದೇನೋ ಇವನಿಂದ...' ಕಾದು ಕಾದು ಅವಳು ಏಳಬೇಕು, ಅಷ್ಟರಲ್ಲಿ... ಕ್ಲಿಕ್!

ಸ್ವಲ್ಪ ಹೊತ್ತಿಗೆ ಅವಳ ಫೋನು ರಿಂಗಾಯಿತು. ಆಮ್ರಪಾಲಿ.

"ಯಾರಬೇ ಈ ಹುಡುಗ? ನಿನ್ನ ಲಗ್ನಾ ಮಾಡ್ಕೋತೇನಿ ಅಂತ ಬರ್ದಾನ! ಹಲ್ಲೆಲ್ಲಾ ಕಂದ್ಯಾವ..." ಅವ್ವನ ದನಿ ಮೆತ್ತಗಾಯಿತು. "ಖರೇ, ನಗಿ ಚಂದ ಐತಿ."

ವಿಶಾಖಾ ಪರದೆ ಸರಿಸಿದಳು. ರಾಜರತ್ನ ಇನ್ನೂ ಸ್ಟೂಲಿನ ಮೇಲೇ ಇದ್ದ.

"ಏನಂದ್ರು?"

"ನಗಿ ಚಂದ ಐತಿ ಅಂದಳು."

"ನೀವು?"

"ನಾ ಇನ್ನೂ ನೋಡಿಲ್ಲಲ್ಲ... ನಗ್ರಿ, ನೋಡಿ ಹೇಳ್ತೀನಿ."

ಅವನು ನಕ್ಕ. ಬಾಯಿಗೆ ಕೈ ಅಡ್ಡ ತರಲಿಲ್ಲ. ಅವಳು ಎವೆಯಿಕ್ಕದೆ ನೋಡಿದಳು.

"ಒಪ್ಪಿಗೆರೀ" ಎಂದಳು ಮೆಲ್ಲಗೆ.

"ಹಂಗಾದ್ರ ನಿಮ್ಮ ಆ ಫೋಟೋ... ನಮ್ಮವ್ವಗ ಕಳಸ್ಲೇನ್ರಿ?"

"ಕಳಸ್ರಿ. ಈ ಸಲ ಮುಚ್ಚಿಡಬ್ಯಾಡ್ರಿ."