ಏಳನೇ ಬ್ಲಾಕಿನ ಇಬ್ಬನಿ

ಅಪ್ಪನ ಬಾಯಲ್ಲೇ ಮಗನನ್ನು ಬೈಸಿದ್ದ, ಮ್ಯಾನೇಜರ್ ಜಯಕುಮಾರ್. ಬೆಳಗೋಡಿನ ಆಚೆಯ ಆ ಕಾಫಿ ಎಸ್ಟೇಟಿನಲ್ಲಿ ಧರ್ಮ ರೈಟರ್. ಆಳುಗಳ ಹಾಜರಿ, ಕೆಲಸ ಹಂಚಿಕೆ ಅವನದು. ನಾಲ್ಕು ವರ್ಷ ದಿನಾ ಜನರೆದುರು ಬೈಸಿಕೊಂಡು, ಹೆಸರು ಕೂಗುವಾಗ ಅವನ ನಾಲಗೆ ತೊದಲತೊಡಗಿತ್ತು. ಸೋಮವಾರ ತೊದಲಿದ್ದಕ್ಕೆ ಜಯಕುಮಾರ್, ಆಳುಗಳ ಸಾಲಿನಲ್ಲಿದ್ದ ಕುಳ್ಳಯ್ಯನನ್ನು ಮುಂದಕ್ಕೆ ಕರೆದ. "ನಿನ್ನ ಮಗ ಎಂಥವ್ನು ಅಂತ ನೀನೇ ಹೇಳೋ."

ಮುದುಕ ನೆಲ ನೋಡುತ್ತ "ದಂಡಪಿಂಡ" ಅಂದ.

"ಜೋರಾಗಿ!" ಮೂರು ಸಲ ಹೇಳಿಸಿದ.

ಸಂಜೆ ಆಳುಗಳ ಲೈನ್‌ಮನೆಯಲ್ಲಿ ಕುಳ್ಳಯ್ಯ ಊಟ ಮುಟ್ಟಲಿಲ್ಲ. "ನಿನ್ ಕೆಲ್ಸ ಹೋಗ್ಬುಟ್ಟದು ಅಂತ ಅಂದ್ಬುಟ್ಟೆ ಕಣೋ. ನನ್ ಬಾಯ್ಗೆ ಹುಳ ಬೀಳ" ಎಂದು ಅತ್ತ. ಜಯಕುಮಾರ್ ಸಾಯಬೇಕೆಂದು ಧರ್ಮ ಆವತ್ತೇ ತೀರ್ಮಾನಿಸಿದ.

ಕತ್ತಿ ಬೇಡ, ವಿಷ ಬೇಡ. ಸುಮ್ಮನಿದ್ದರೆ ಸಾಕು. ಆನೆ ಎಲ್ಲಿದೆ ಎಂಬ ಅರಣ್ಯ ಇಲಾಖೆಯ ಮೆಸೇಜ್ ಬೆಳಗ್ಗೆ ಧರ್ಮನ ಫೋನಿಗೆ ಬರುತ್ತಿತ್ತು. ಓದಿ ತಿಳಿಸುವ ಕೆಲಸವನ್ನು ಜಯಕುಮಾರನೇ ಅವನ ತಲೆಗೆ ಕಟ್ಟಿದ್ದ. ಹಾಜರಿಗೆ ಬರಲಿ ಬಿಡಲಿ, ಎಂಟೂವರೆಗೆ ಹಳ್ಳದ ಬದಿಯ ಏಳನೇ ಬ್ಲಾಕಿಗೆ ನಡೆಯುವುದು ಆತನ ರೂಢಿ. ಡಿಸೆಂಬರಿನಲ್ಲೂ ಇಸ್ತ್ರಿ ಕೆಡದ ಬಿಳಿ ಪ್ಯಾಂಟಿನ ಶೋಕಿಲಾಲ! ಯಾರಾದರೂ ಕೇಳಿದರೆ ನೆಟ್‌ವರ್ಕ್ ಇರಲಿಲ್ಲ ಅನ್ನುವುದು. ಇಲ್ಲಿ ಅದು ಇರುವುದಾದರೂ ಯಾವಾಗ?

ಗುರುವಾರ ಮೆಸೇಜ್ ಬಂತು: ಒಂಟಿ ಸಲಗ, ಹಳ್ಳದ ಬದಿ. ಧರ್ಮ ಅಳಿಸಿದ. ಬೇರೆ ಯಾವ ಜೀವಕ್ಕೂ ಗೀರು ಬೀಳಬಾರದು. ಅಷ್ಟು ಕಟುಕನಲ್ಲ ಅವನು. ಕಾಫಿ ಕುಯ್ಯುವವರನ್ನೆಲ್ಲ ಎದುರು ಗುಡ್ಡಕ್ಕೆ ಹಾಕಿದ. ಅಪ್ಪನನ್ನು ಸ್ಟೋರ್ ಎದುರಿನ ಕಣದಲ್ಲಿ ಕಾಫಿ ಹರವಲು ಬಿಟ್ಟ. ಅದಕ್ಕಿಂತ ಭದ್ರವಾದ ಜಾಗ ಎಸ್ಟೇಟಿನಲ್ಲಿರಲಿಲ್ಲ.

"ಇವತ್ತು ಒಂದ್ ಹೆಸರೂ ತೊದಲ್ಲಿಲ್ಲ ಕಣೋ ಮಗ" ಅಂತ ಕುಳ್ಳಯ್ಯ ಹಿಗ್ಗಿದ.

ಎಂಟೂಮುಕ್ಕಾಲಿಗೆ ಹಳ್ಳದ ಕಡೆ ಆನೆ ಘೀಳಿಟ್ಟಿತು. ಧರ್ಮ ಗುಡ್ಡ ಇಳಿದು ಓಡಿ ಬಂದ. ಗಾಬರಿಯ ಮುಖವನ್ನೂ ಮೊದಲೇ ಅಭ್ಯಾಸ ಮಾಡಿಕೊಂಡಿದ್ದ. ಕಣದ ಅಂಚಿನಲ್ಲಿ ಜಯಕುಮಾರ್ ಏದುಸಿರು ಬಿಡುತ್ತ ನಿಂತಿದ್ದ, ಜೀವಂತ. ಬಿಳಿ ಪ್ಯಾಂಟಿಗೆ ಒಂದು ಹನಿ ಇಬ್ಬನಿ ತಾಗಿರಲಿಲ್ಲ. ಧರ್ಮ ಆ ಪ್ಯಾಂಟನ್ನೇ ನೋಡಿದ. ಪ್ಯಾಂಟು ನೆನೆಯಬಾರದೆಂದು ಆತ ದಿನಾ ಯಾವನಾದರೂ ಆಳಿನ ಕೈಗೆ ಕೋಲು ಕೊಟ್ಟು, ಗಿಡಗಳ ಇಬ್ಬನಿ ಕೊಡವಿಸುತ್ತ ಮುಂದೆ ನಡೆಸುತ್ತಿದ್ದ. ನೋಡಿ ನೋಡಿ ಅದು ಧರ್ಮನ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು. ಇವತ್ತು ಆಳುಗಳನ್ನೆಲ್ಲ ಧರ್ಮನೇ ಎದುರು ಗುಡ್ಡಕ್ಕೆ ಕಳಿಸಿದ್ದ; ಇಲ್ಲಿ ಉಳಿದಿದ್ದ ಆಳು ಒಬ್ಬನೇ. ಕಣದ ಮೇಲೆ ಕಾಫಿ ಅರ್ಧ ಹರವಿದ ಹಾಗೇ ಇತ್ತು. ಅಪ್ಪ ಇರಲಿಲ್ಲ.